ಸ್ಪೋರ್ಟ್ಸ್ ಕಾರಿಗೆ ಲೋವರಿಂಗ್ ಸ್ಪ್ರಿಂಗ್ ಆರಿಸೋದು ಹೇಗೆ: ಜಿಆರ್86, ಬಿಆರ್‌ಝಡ್ ಇಟ್ಟುಕೊಂಡವರಿಗೆ ಪೂರ್ತಿ ಮಾರ್ಗದರ್ಶಿ

ಸ್ಪೋರ್ಟ್ಸ್ ಕಾರು ಕೊಂಡ ಮೇಲೆ ಮೊದಲು ಕಣ್ಣಿಗೆ ಚುಚ್ಚುವುದು ಟಯರ್ ಮೇಲಿನ ಖಾಲಿ ಜಾಗ. ಮೂರ್ನಾಲ್ಕು ಬೆರಳು ಆರಾಮಾಗಿ ತೂರುತ್ತವೆ. ಹಿಮ, ಟಯರ್ ಚೈನು, ಪಾರ್ಕಿಂಗ್ ಇಳಿಜಾರು, ಡಿಕ್ಕಿ ತುಂಬ ಸಾಮಾನು ಎಲ್ಲವನ್ನೂ ಲೆಕ್ಕ ಹಾಕಿ ಕಂಪನಿಯವರು ಬಿಟ್ಟ ಜಾಗ ಅದು. ಆದರೂ ನೋಡಿದಾಗಲೆಲ್ಲ ಇದನ್ನೊಂದಿಷ್ಟು ಇಳಿಸಿದರೆ ಎಷ್ಟು ಚೆನ್ನಾಗಿರುತ್ತೆ ಅನ್ನಿಸದೆ ಇರುವುದಿಲ್ಲ.

ಈ ಬರಹ ಟೊಯೋಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್ ಎಂಬ ಜೋಡಿ ಕಾರುಗಳನ್ನು ಮುಂದಿಟ್ಟುಕೊಂಡು ಬರೆದದ್ದು. 2012ರಲ್ಲಿ ಬಂದ ಮೊದಲ ತಲೆಮಾರಿನವರಿಗೂ (ಅಮೆರಿಕದಲ್ಲಿ ಸಯಾನ್ ಎಫ್‌ಆರ್-ಎಸ್ ಅಂತ ಮಾರಿದ್ದು ಇದನ್ನೇ) ಬಹುಪಾಲು ಮಾತು ಅನ್ವಯಿಸುತ್ತದೆ. ಕಾರನ್ನು ತಗ್ಗಿಸಲು ಕಂಪನಿಯ ಸ್ಪ್ರಿಂಗ್ ತೆಗೆದು ಅದರ ಜಾಗಕ್ಕೆ ಹಾಕುವುದೇ ಲೋವರಿಂಗ್ ಸ್ಪ್ರಿಂಗ್. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಈ ಕಾರಿಗೆ ಅಂಥವು ಹತ್ತಾರು ಬಗೆಯವು ಸಿಗುತ್ತವೆ. ಬಹಳ ಜನ ಆರಿಸೋದು ಒಂದೇ ಸಂಖ್ಯೆ ನೋಡಿ: ಎಷ್ಟು ಇಂಚು ಇಳಿಯುತ್ತದೆ ಅಂತ. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಇಳಿಸಿದ ಮೇಲೆ ಚಕ್ರ ಮೇಲಕ್ಕೆ ಹೋಗಲು ಎಷ್ಟು ಜಾಗ ಉಳಿಯುತ್ತದೆ ಅನ್ನೋದನ್ನು ಮೊದಲು ತಿಳಿದುಕೊಂಡರೆ, ಉಳಿದ ಆಯ್ಕೆಗಳು ಮುಕ್ಕಾಲು ಪಾಲು ತಾವಾಗಿಯೇ ಇತ್ಯರ್ಥವಾಗುತ್ತವೆ.

ಹಂತ 1: ಯಾಕೆ ಇಳಿಸುತ್ತಿದ್ದೀರಿ ಅಂತ ಪ್ರಾಮಾಣಿಕವಾಗಿ ಹೇಳಿಕೊಳ್ಳಿ

ನೋಟಕ್ಕೆ ಅಂತಲಾ? ಅದರಲ್ಲೇನೂ ತಪ್ಪಿಲ್ಲ. ಹಾಗಿದ್ದರೆ 15ರಿಂದ 25 ಮಿ.ಮೀ. ಇಳಿಸುವ, ತೀರಾ ಗಟ್ಟಿಯಲ್ಲದ ಸ್ಪ್ರಿಂಗ್ ಸಾಕು. ದಿನಾ ಆಫೀಸಿಗೆ ಹೋಗಿ, ವಾರಾಂತ್ಯಕ್ಕೆ ಘಾಟಿ ರಸ್ತೆಯಲ್ಲಿ ಓಡಿಸುವವರಿಗೂ ಹೆಚ್ಚುಕಡಿಮೆ ಇದೇ. ಆದರೆ ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರು, ಟಯರನ್ನೂ ಅಂಟು ಜಾಸ್ತಿ ಇರುವುದಕ್ಕೆ ಬದಲಿಸುವವರು ಸ್ಪ್ರಿಂಗ್ ಒಂದನ್ನೇ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಬೇಕು. ಅವರಿಗೆ ಬೇಕಾಗಿರೋದು ಸಾಮಾನ್ಯವಾಗಿ ಶಾಕ್ (ಶಾಕ್ ಅಬ್ಸಾರ್ಬರ್) ಮತ್ತು ಸ್ಪ್ರಿಂಗ್ ಒಟ್ಟಿಗೆ ಬರುವ, ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಸೆಟ್. ಸ್ಪ್ರಿಂಗ್ ಸೆಟ್ ಅಮೆರಿಕದಲ್ಲಿ ಸುಮಾರು 250ರಿಂದ 400 ಡಾಲರ್‌ಗೆ ಸಿಗುತ್ತದೆ, ಒಳ್ಳೆಯ ಕಾಯಿಲೋವರ್ ಅದರ ಮೂರು, ನಾಲ್ಕು, ಕೆಲವೊಮ್ಮೆ ಎಂಟು ಪಟ್ಟು. ಇವತ್ತು ಸ್ಪ್ರಿಂಗ್, ಮುಂದಿನ ವರ್ಷ ಕಾಯಿಲೋವರ್ ಅನ್ನೋ ಯೋಚನೆ ಇದ್ದರೆ ಸುಮ್ನೆ ಕಾಯಿರಿ, ಬಿಚ್ಚಿ ಜೋಡಿಸುವ ಕೂಲಿಯೂ ಅಲೈನ್ಮೆಂಟ್ ಖರ್ಚೂ ಎರಡೆರಡು ಸಲ ಬೀಳುವುದು ತಪ್ಪುತ್ತದೆ.

ಹಂತ 2: ಇಳಿಸಿದರೆ ನಿಜವಾಗಿ ಏನು ಸಿಗುತ್ತದೆ

ಕಾರು ತಗ್ಗಿದರೆ ಗುರುತ್ವ ಕೇಂದ್ರ ತಗ್ಗುತ್ತದೆ, ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಸರಿಯುವ ಭಾರ ಕಮ್ಮಿಯಾಗುತ್ತದೆ. ಇದು ನಿಜ. ಎಷ್ಟು ಕಮ್ಮಿ ಅಂತ ಲೆಕ್ಕ ಹಾಕೋಣ. ಬಾಕ್ಸರ್ ಎಂಜಿನ್ ಮಲಗಿದಂತೆ ಕೂರುವುದರಿಂದ ಈ ಕಾರಿನ ಗುರುತ್ವ ಕೇಂದ್ರ ಮೊದಲೇ ಕೆಳಗಿದೆ, ನೆಲದಿಂದ ಸುಮಾರು 460 ಮಿ.ಮೀ. ಚಾಲಕನೂ ಸೇರಿ ತೂಕ ಸುಮಾರು 1355 ಕೆ.ಜಿ., ಎಡ ಬಲ ಚಕ್ರಗಳ ನಡುವಿನ ಅಗಲ ಸುಮಾರು 1520 ಮಿ.ಮೀ. ಅಂತ ಇಟ್ಟುಕೊಳ್ಳಿ. ಒಂದು ಜಿ ಬಲದ, ಅಂದರೆ ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ ಎಳೆಯುವ ತಿರುವಿನಲ್ಲಿ ಸುಮಾರು 410 ಕೆ.ಜಿ. ಭಾರ ಹೊರಗಡೆಗೆ ಹೋಗುತ್ತದೆ. 20 ಮಿ.ಮೀ. ಇಳಿಸಿದರೆ ಅದು 392 ಕೆ.ಜಿ. ಆಗುತ್ತದೆ. ಅಂದರೆ ನಾಲ್ಕು ಪರ್ಸೆಂಟಿನಷ್ಟು ಲಾಭ. ಬೇಡ ಅನ್ನುವಷ್ಟು ಸಣ್ಣದಲ್ಲ, ಆದರೆ ಇದಕ್ಕಾಗಿ ಇನ್ನೊಂದು ಇಂಚು ಇಳಿಸಿಬಿಡೋಣ ಅನ್ನುವಷ್ಟು ದೊಡ್ಡದೂ ಅಲ್ಲ. ಅದೇ ದುಡ್ಡಿಗೆ ಒಳ್ಳೆಯ ಟಯರ್ ಹಾಕಿದರೆ ಇದಕ್ಕಿಂತ ಜಾಸ್ತಿ ಹಿಡಿತ ಸಿಗುತ್ತದೆ.

ಇನ್ನೊಂದು ಕಡೆ ನಷ್ಟವೂ ಇದೆ. ಈ ಕಾರಿನ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ (ಶಾಕ್, ಸ್ಪ್ರಿಂಗ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿದಿರುತ್ತವೆ, ಕೆಳಗೆ ಮಾತ್ರ ಆರ್ಮ್ ಎಂಬ ತೋಳು), ಹಿಂದೆ ಡಬಲ್ ವಿಶ್‌ಬೋನ್ (ಮೇಲೂ ಕೆಳಗೂ ಆರ್ಮ್). ಸ್ಟ್ರಟ್ ಇರುವ ಕಡೆ ಕಾರನ್ನು ಇಳಿಸಿದಂತೆ ಕೆಳಗಿನ ಆರ್ಮ್ ಹೊರಗಿನ ತುದಿಯಲ್ಲಿ ಮೇಲೆದ್ದು ನಿಲ್ಲುತ್ತದೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿದರೆ ಕಾರು ಜಾಸ್ತಿ ವಾಲಲು ನೋಡುತ್ತದೆ. ಅಂದರೆ ತೀರಾ ಇಳಿಸಿದ ಕಾರಿನಲ್ಲಿ ಗಟ್ಟಿ ಸ್ಪ್ರಿಂಗಿನ ಒಂದು ಪಾಲು ಈ ಹೊಸ ತೊಂದರೆಯನ್ನು ಸರಿಪಡಿಸುವುದಕ್ಕೇ ಖರ್ಚಾಗುತ್ತದೆ. ಜೊತೆಗೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಕೋನ ಬದಲಾಗಿ, ಗುಂಡಿ ಹತ್ತಿ ಇಳಿದಾಗ ಚಕ್ರ ತಾನಾಗಿಯೇ ಕೊಂಚ ತಿರುಗುತ್ತದೆ. 25 ಮಿ.ಮೀ. ಒಳಗಿದ್ದರೆ ಇದು ಗೊತ್ತಾಗುವುದೇ ಇಲ್ಲ ಅನ್ನಬಹುದು. 40 ಮಿ.ಮೀ. ದಾಟಿದರೆ ಆರ್ಮಿನ ಹೊರತುದಿಯ ಬಾಲ್ ಜಾಯಿಂಟ್ ಬದಲಿಸಿ ರೋಲ್ ಸೆಂಟರ್ ಸರಿಪಡಿಸುವ ಕಿಟ್ ಬಗ್ಗೆ ಯೋಚಿಸಬೇಕಾಗುತ್ತದೆ, ಅದು ಬೇರೆಯೇ ಖರ್ಚು.

ಹಂತ 3: ಕೊಳ್ಳುವ ಮುಂಚೆ ನಿಮ್ಮ ಕಾರನ್ನೇ ಅಳೆಯಿರಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಟಯರ್ ಗಾಳಿ ಸರಿಯಾಗಿರಲಿ, ಟ್ಯಾಂಕ್ ಅರ್ಧ ತುಂಬಿರಲಿ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳತೆ ಬರೆದಿಡಿ. ನೆಲದಿಂದ ಅಳೆಯಬೇಡಿ, ಟಯರ್ ಸವೆತ ಮತ್ತು ಗಾಳಿ ಎರಡೂ ಲೆಕ್ಕ ಕೆಡಿಸುತ್ತವೆ. ಎಡಕ್ಕೂ ಬಲಕ್ಕೂ ನಾಲ್ಕೈದು ಮಿ.ಮೀ. ವ್ಯತ್ಯಾಸ ಇದ್ದರೆ ಗಾಬರಿ ಬೇಡ. ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಅದು ಹಾಗೆಯೇ ಕಂಡರೆ ಸ್ಪ್ರಿಂಗಿನ ತಪ್ಪಲ್ಲ ಅಂತ ಗೊತ್ತಾಗಲಿ ಅಂತಲೇ ಈಗ ಬರೆದಿಡೋದು.

ಈಗ ಮುಖ್ಯ ಕೆಲಸ. ಶಾಕ್ ಒಳಗೆ ಹೋಗಿ ಬರುವ ಹೊಳೆಯುವ ರಾಡನ್ನು ಒಂದು ರಬ್ಬರ್ ತೋಳು ಮುಚ್ಚಿರುತ್ತದೆ. ಅದನ್ನು ಮೇಲಕ್ಕೆ ಸರಿಸಿದರೆ ರಾಡಿನ ಮೇಲ್ಭಾಗದಲ್ಲಿ ಬಂಪ್ ಸ್ಟಾಪ್ ಕಾಣುತ್ತದೆ, ಶಾಕ್ ಪೂರ್ತಿ ಕುಗ್ಗಿ ಬಡಿಯದಂತೆ ತಡೆಯುವ, ಹಳದಿಯೋ ಬಿಳಿಯೋ ಬಣ್ಣದ ಫೋಮಿನಂಥ ಗಟ್ಟಿ ತುಂಡು. ಕಾರು ತನ್ನ ನಾಲ್ಕು ಕಾಲ ಮೇಲೆ ನಿಂತಿರುವಾಗಲೇ ಶಾಕ್ ದೇಹದ ಮೇಲ್ತುದಿಯಿಂದ ಬಂಪ್ ಸ್ಟಾಪಿನ ಕೆಳತುದಿಗೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. ನಿಮ್ಮ ಸಸ್ಪೆನ್ಷನ್ನಿಗೆ ಇರುವ ಬಿಡುವು ಅಷ್ಟೇ.

ಆಮೇಲೆ ಒಂದು ಸಣ್ಣ ಕೇಬಲ್ ಟೈ ತಗೊಂಡು ರಾಡಿಗೆ ಸುತ್ತಿ, ಬಿಗಿಯಾಗಿ ಆದರೆ ಕೈಯಲ್ಲಿ ತಳ್ಳಿದರೆ ಸರಿಯುವಷ್ಟು ಎಳೆಯಿರಿ. ಕೆಳಗೆ ತಳ್ಳಿ ಶಾಕ್ ದೇಹಕ್ಕೆ ತಾಗಿಸಿ ಬಿಡಿ. ನೀವು ದಿನಾ ಓಡಾಡುವ ರಸ್ತೆಯಲ್ಲಿ, ನೀವು ಯಾವಾಗಲೂ ಓಡಿಸುವ ಹಾಗೆಯೇ ಒಂದು ಸುತ್ತು ಹೋಗಿ ಬನ್ನಿ. ಗುಂಡಿ ಹತ್ತಿದಾಗ ಶಾಕ್ ದೇಹ ಮೇಲೆ ಬಂದು ಟೈಯನ್ನು ತಳ್ಳುತ್ತದೆ, ವಾಪಸ್ ಹೋಗುವಾಗ ಟೈ ಅಲ್ಲೇ ಉಳಿಯುತ್ತದೆ. ಬಂದು ನೋಡಿದರೆ ಸಸ್ಪೆನ್ಷನ್ ಎಲ್ಲಿಯವರೆಗೆ ಹೋಗಿತ್ತು ಅಂತ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಾಗುತ್ತದೆ. ಟೈ ಈಗಾಗಲೇ ಬಂಪ್ ಸ್ಟಾಪ್ ಹತ್ತಿರ ಹೋಗಿದ್ದರೆ, ಇಳಿಸಿದ ಮೇಲೆ ಅದೇ ರಸ್ತೆಯಲ್ಲಿ ದಿನಕ್ಕೆ ಹತ್ತಾರು ಸಲ ಬಂಪ್ ಸ್ಟಾಪ್ ಮೇಲೆ ಕೂತೇ ಓಡಿಸುತ್ತೀರಿ. ಹತ್ತು ಪೈಸೆಯ ಪ್ಲಾಸ್ಟಿಕ್ ತುಂಡು ಹೇಳುವ ಈ ಸತ್ಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಮುಂದಿನ ಸ್ಟ್ರಟ್ ಚಕ್ರದ ಜೊತೆಗೇ ಹೆಚ್ಚುಕಡಿಮೆ ಅಷ್ಟೇ ಚಲಿಸುತ್ತದೆ. ಹಿಂದಿನ ಶಾಕ್ ಆರ್ಮಿನ ನಡುವೆಲ್ಲೋ ಕೂತಿರುವುದರಿಂದ ಚಕ್ರ 40 ಮಿ.ಮೀ. ಮೇಲೆ ಹೋದರೆ ಶಾಕ್ ಸುಮಾರು 30 ಮಿ.ಮೀ. ಮಾತ್ರ ಹೋಗುತ್ತದೆ. ಆದ್ದರಿಂದ ಹಿಂದೆ ಶಾಕ್ ಮೇಲೆ ಅಳೆದ ಬಿಡುವನ್ನು ಚಕ್ರದ ಲೆಕ್ಕಕ್ಕೆ ತರಲು ಮೂರನೇ ಒಂದು ಭಾಗ ಸೇರಿಸಿಕೊಳ್ಳಿ.

ಹಂತ 4: ಸ್ಪ್ರಿಂಗ್ ರೇಟ್ ಅರ್ಥ ಮಾಡಿಕೊಳ್ಳಿ

ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಒತ್ತಲು ಎಷ್ಟು ಬಲ ಬೇಕು ಅನ್ನೋದೇ ರೇಟ್. ಜಪಾನಿನವರು ಕೆ.ಜಿ. ಲೆಕ್ಕ ಕೊಡುತ್ತಾರೆ, ಯುರೋಪಿನವರು ನ್ಯೂಟನ್, ಅಮೆರಿಕದವರು ಇಂಚಿಗೆ ಇಷ್ಟು ಪೌಂಡ್ ಅಂತ. ಮಿ.ಮೀ.ಗೆ 1 ಕೆ.ಜಿ. ಅಂದರೆ ಮಿ.ಮೀ.ಗೆ 9.8 ನ್ಯೂಟನ್, ಇಂಚಿಗೆ 56 ಪೌಂಡ್. ಎರಡು ಬ್ರಾಂಡ್ ಹೋಲಿಸುವ ಮುಂಚೆ ಎಲ್ಲವನ್ನೂ ಒಂದೇ ಅಳತೆಗೆ ತಂದುಕೊಳ್ಳಿ.

ಸಣ್ಣ ಬದಲಾವಣೆ ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ಈ ಜೋಡಿ ಕಾರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡನೇ ತಲೆಮಾರಿನ ಜಿಆರ್86ಗೆ ಮುಂದೆ 28, ಹಿಂದೆ 39 ನ್ಯೂಟನ್ ಸ್ಪ್ರಿಂಗ್ ಇದೆ. ಅದೇ ಕಾರಿನ ಅವಳಿ ಬಿಆರ್‌ಝಡ್‌ಗೆ ಮುಂದೆ 30, ಹಿಂದೆ 35. ಅಷ್ಟೇ ವ್ಯತ್ಯಾಸ, ಜೊತೆಗೆ ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್ ಮತ್ತು ಶಾಕ್‌ನಲ್ಲೂ ಒಂದಿಷ್ಟು. ಆದರೆ ಎರಡನ್ನೂ ಓಡಿಸಿದವರು ಹೇಳುವ ಮಾತು ಒಂದೇ: ಟೊಯೋಟಾ ತಿರುವಿನಲ್ಲಿ ಹಿಂಭಾಗ ಬೇಗ ಆಡಿಸುತ್ತದೆ, ಸುಬಾರು ನೆಟ್ಟಗೆ ಸಮಾಧಾನದಿಂದ ಹೋಗುತ್ತದೆ. ಕಂಪನಿಯವರೇ ಎರಡು, ನಾಲ್ಕು ನ್ಯೂಟನ್ ಆಚೀಚೆ ಮಾಡಿ ಕಾರಿನ ಸ್ವಭಾವ ಬದಲಿಸುತ್ತಾರೆ ಅಂದಮೇಲೆ, ಮುಂದೆ ಹಿಂದೆ ಎಷ್ಟೆಷ್ಟು ಗಟ್ಟಿ ಅಂತ ಹೇಳದೆ ಬರೀ ‘ಶೇಕಡಾ 30 ಗಟ್ಟಿ’ ಅಂತ ಬರೆದಿರುವ ಡಬ್ಬವನ್ನು ಕೊಳ್ಳಲು ನನಗಂತೂ ಮನಸ್ಸು ಬರುವುದಿಲ್ಲ.

ಹಿಂದೆ 39 ಅಂತ ನೋಡಿ ಹಿಂಭಾಗವೇ ಗಟ್ಟಿ ಅಂದುಕೊಳ್ಳಬೇಡಿ. ಚಕ್ರ ಚಲಿಸಿದ್ದರಲ್ಲಿ ಎಷ್ಟು ಪಾಲು ಶಾಕ್ ಚಲಿಸುತ್ತದೆ ಅಂತ ಹಂತ 3ರಲ್ಲಿ ನೋಡಿದೆವಲ್ಲ, ಚಕ್ರಕ್ಕೆ ತಲುಪುವ ಗಡಸು ಆ ಅನುಪಾತದ ವರ್ಗದಷ್ಟು ಕಮ್ಮಿಯಾಗುತ್ತದೆ. ಮುಂದೆ ಅನುಪಾತ ಸುಮಾರು 0.95, ಅದರ ವರ್ಗ 0.9, ಹಾಗಾಗಿ 28ರಲ್ಲಿ 25 ಉಳಿಯುತ್ತದೆ. ಹಿಂದೆ 0.75, ವರ್ಗ 0.56, ಹಾಗಾಗಿ 39ರಲ್ಲಿ ಸುಮಾರು 22. ಪ್ರತಿ ಮೂಲೆಯ ತೂಕದ ಜೊತೆ ಲೆಕ್ಕ ಹಾಕಿದರೆ ಮುಂದೆಯೂ ಹಿಂದೆಯೂ ಕಾರು ಸೆಕೆಂಡಿಗೆ ಸುಮಾರು 1.4 ಸಲ ಮೇಲೆ ಕೆಳಗೆ ತೂಗಾಡುತ್ತದೆ. ಆರಾಮಿನ ಕುಟುಂಬದ ಕಾರು 1ರಿಂದ 1.2ರಷ್ಟಿರುತ್ತದೆ. ರಸ್ತೆಗೂ ಸೈ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಸೈ ಅನ್ನುವ ಕಾರಿಗೆ 1.5ರಿಂದ 1.7 ಒಳ್ಳೆಯದು. 2 ದಾಟಿದರೆ ಬೆನ್ನಿಗೆ ಗೊತ್ತಾಗುತ್ತದೆ.

ಈಗ ಆ ಬಿಡುವಿನ ಲೆಕ್ಕಕ್ಕೆ ವಾಪಸ್ ಬರೋಣ. ಬಂಪ್ ಸ್ಟಾಪ್ ತಾಗುವ ಮುಂಚೆ ಚಕ್ರಕ್ಕೆ 50 ಮಿ.ಮೀ. ಬಿಡುವು ಇತ್ತು, ಚಕ್ರದ ಗಡಸು 25 ನ್ಯೂಟನ್ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ತಲುಪಲು 1250 ನ್ಯೂಟನ್ ಹೆಚ್ಚುವರಿ ಬಲ ಬೇಕಿತ್ತು. ನೀವು 25 ಮಿ.ಮೀ. ಇಳಿಸಿ, ಶೇಕಡಾ 20 ಗಟ್ಟಿ ಸ್ಪ್ರಿಂಗ್ ಹಾಕಿದಿರಿ. ಈಗ ಬಿಡುವು 25 ಮಿ.ಮೀ., ಗಡಸು 30 ನ್ಯೂಟನ್. 750 ನ್ಯೂಟನ್ನಿಗೇ ಬಂಪ್ ಸ್ಟಾಪ್ ತಾಗುತ್ತದೆ. ಮೊದಲಿನಷ್ಟೇ ತಡೆಯಬೇಕಾದರೆ ಗಡಸು ದುಪ್ಪಟ್ಟಾಗಬೇಕು, ಅಷ್ಟು ಗಟ್ಟಿ ಸ್ಪ್ರಿಂಗನ್ನು ಕಂಪನಿಯ ಶಾಕ್ ಹಿಡಿದಿಡಲಾರದು. ಅದೇ 15 ಮಿ.ಮೀ. ಮಾತ್ರ ಇಳಿಸಿದರೆ 35 ಮಿ.ಮೀ. ಉಳಿದು 1050 ನ್ಯೂಟನ್ ಸಿಗುತ್ತದೆ. ಬರೀ 10 ಮಿ.ಮೀ. ಹೆಚ್ಚಿಗೆ ಉಳಿಸಿಕೊಂಡರೆ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ನನ್ನ ಮಟ್ಟಿಗೆ ಈ ಲೆಕ್ಕ ನೋಡಿದ ಮೇಲೆ ‘ಒಂದೂವರೆ ಇಂಚು’ ಅಂತ ಬರೆದ ಸ್ಪ್ರಿಂಗ್ ಕಡೆ ಕೈ ಹೋಗುವುದಿಲ್ಲ.

ಬಂಪ್ ಸ್ಟಾಪ್ ತಾಗಿದರೆ ಕುಲುಕಾಟ ಮಾತ್ರ ಅಂದುಕೊಳ್ಳಬೇಡಿ. ತಿರುವಿನ ನಡುವೆ ತಾಗಿದರೆ ಆ ಮೂಲೆಯ ಗಡಸು ಒಮ್ಮೆಲೇ ಏರುತ್ತದೆ. ಮುಂದೆ ತಾಗಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಹಿಂದೆ ತಾಗಿದರೆ ಹಿಂಭಾಗ ಹೇಳದೆ ಕೇಳದೆ ಜಾರುತ್ತದೆ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕಿನ ಕಡಿದಾದ ಕಾರ್ಕ್‌ಸ್ಕ್ರೂ ತಿರುವು ಇಳಿದು ಕೆಳಗೆ ಬಂದಾಗ ಕಾರು ಹೇಗೆ ಕುಸಿದು ಕೂರುತ್ತದೆ ಅಂತ ಒಮ್ಮೆ ಅನುಭವಿಸಿದವರಿಗೆ ಬಿಡುವಿನ ಬೆಲೆ ಗೊತ್ತು.

ಹಂತ 5: ಲೀನಿಯರ್ ಬೇಕಾ, ಪ್ರೊಗ್ರೆಸಿವ್ ಬೇಕಾ

ಲೀನಿಯರ್ ಸ್ಪ್ರಿಂಗಿನಲ್ಲಿ ಸುರುಳಿಗಳ ನಡುವಿನ ಅಂತರ ಒಂದೇ ತೆರ, ಗಡಸೂ ಒಂದೇ ತೆರ. ಪ್ರೊಗ್ರೆಸಿವ್‌ನಲ್ಲಿ ಒಂದು ತುದಿಯ ಸುರುಳಿಗಳು ಹತ್ತಿರ ಹತ್ತಿರ ಇರುತ್ತವೆ, ಒತ್ತಿದಂತೆ ಅವು ಒಂದಕ್ಕೊಂದು ತಾಗಿ ಮುಚ್ಚಿಕೊಂಡು, ಉಳಿದ ಸುರುಳಿಗಳಷ್ಟೇ ಕೆಲಸ ಮಾಡಿ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ದಿನದ ಓಡಾಟಕ್ಕೆ ಪ್ರೊಗ್ರೆಸಿವ್ ಆರಾಮ. ಟ್ರ್ಯಾಕಿನಲ್ಲಿ ಕಾರು ಏನು ಮಾಡುತ್ತದೆ ಅಂತ ಮೊದಲೇ ತಿಳಿಯಬೇಕು ಅನ್ನುವವರಿಗೆ ಲೀನಿಯರ್ ಹಿತ. ಪ್ರೊಗ್ರೆಸಿವ್ ಅಂತ ಮಾರುವ ಎಷ್ಟೋ ಸ್ಪ್ರಿಂಗುಗಳ ಮೆತ್ತನೆಯ ಸುರುಳಿ ಕಾರಿನ ಭಾರಕ್ಕೇ ಪೂರ್ತಿ ಮುಚ್ಚಿಹೋಗಿರುತ್ತದೆ. ಆಗ ಓಡಿಸುವಾಗ ಅದು ಲೀನಿಯರ್ ಸ್ಪ್ರಿಂಗೇ. ಮೆತ್ತನೆಯ ಸುರುಳಿಯ ಕೆಲಸ ಕಾರು ಜಾಕ್ ಮೇಲಿದ್ದಾಗ ಸ್ಪ್ರಿಂಗ್ ಸಡಿಲವಾಗದಂತೆ ನೋಡಿಕೊಳ್ಳುವುದಷ್ಟೇ.

ಹಂತ 6: ಶಾಕ್ ಒಪ್ಪುತ್ತದಾ?

ಸ್ಪ್ರಿಂಗ್ ಕುಣಿಯುತ್ತದೆ, ಶಾಕ್ ಆ ಕುಣಿತ ನಿಲ್ಲಿಸುತ್ತದೆ. ಸ್ಪ್ರಿಂಗ್ ಶೇಕಡಾ 25 ಗಟ್ಟಿಯಾದರೆ ಅದನ್ನು ಅದೇ ರೀತಿ ಹಿಡಿಯಲು ಶಾಕ್ ಸುಮಾರು ಶೇಕಡಾ 12 ಗಟ್ಟಿಯಿರಬೇಕು. ಕಂಪನಿಯ ಶಾಕ್ ಹೊಸದಾಗಿದ್ದರೆ ಅಷ್ಟನ್ನು ನಿಭಾಯಿಸುತ್ತದೆ. 80,000 ಕಿ.ಮೀ. ಓಡಿದ ಶಾಕ್ ಮೇಲೆ ಹೊಸ ಸ್ಪ್ರಿಂಗ್ ಹಾಕೋದು ಬೇಡ. ಹೇಗೂ ಎಲ್ಲ ಬಿಚ್ಚುತ್ತೀರಿ, ಎರಡನ್ನೂ ಒಟ್ಟಿಗೆ ಬದಲಿಸಿ.

ಹೊಸ ಶಾಕ್ ಕೊಳ್ಳುವಾಗ ಉದ್ದ ಗಮನಿಸಿ. ಶಾಕ್ ತಯಾರಿಸುವ ಬಿಲ್‌ಸ್ಟೈನ್ ಕಂಪನಿಯ ಉದಾಹರಣೆ ತಗೊಂಡರೆ ಬಿ6 ಕಂಪನಿ ಎತ್ತರಕ್ಕೆ ಮಾಡಿದ್ದು, ಬಿ8 ಇಳಿಸಿದ ಕಾರಿಗೆ ಅಂತಲೇ ಚಿಕ್ಕದಾಗಿ ಮಾಡಿದ್ದು. ಅದೇ ಬಿ8 ಮತ್ತು ಐಬಾಕ್ ಪ್ರೊ ಕಿಟ್ ಸ್ಪ್ರಿಂಗ್ ಸೇರಿಸಿ ಬಿ12 ಅಂತ ಮಾರುತ್ತಾರೆ. ಹೀಗೆ ಜೋಡಿಯಾಗಿ ಬರುವುದನ್ನು ಕೊಂಡರೆ ತಲೆನೋವು ಕಮ್ಮಿ.

ಬಂಪ್ ಸ್ಟಾಪ್ ವಿಷಯದಲ್ಲಿ ಸ್ಪ್ರಿಂಗ್ ತಯಾರಿಸಿದವರ ಸೂಚನೆ ಓದಿ. ಕೆಲವರು ಇಷ್ಟು ಮಿ.ಮೀ. ಕತ್ತರಿಸಿ ಅನ್ನುತ್ತಾರೆ, ಕೆಲವರು ತಮ್ಮದೇ ಚಿಕ್ಕ ಸ್ಟಾಪ್ ಕೊಡುತ್ತಾರೆ, ಕೆಲವರು ಮುಟ್ಟಲೇಬೇಡಿ ಅನ್ನುತ್ತಾರೆ. ಪೂರ್ತಿ ಕಿತ್ತೆಸೆಯುವ ಮಾತು ಮಾತ್ರ ಯಾರು ಹೇಳಿದರೂ ಕೇಳಬೇಡಿ. ಅದಿಲ್ಲದಿದ್ದರೆ ಒಂದು ದೊಡ್ಡ ಗುಂಡಿಗೆ ಶಾಕ್ ಒಳಗಿನ ಪಿಸ್ಟನ್ ತಳಕ್ಕೆ ಬಡಿದು ಶಾಕೇ ಹೋಗುತ್ತದೆ.

ಹಂತ 7: ಈಗ ಬ್ರಾಂಡ್

ಇಷ್ಟಾದ ಮೇಲೆ ಪಟ್ಟಿ ಚಿಕ್ಕದಾಗುತ್ತದೆ. ಜರ್ಮನಿಯ ಐಬಾಕ್‌ನಲ್ಲಿ ಪ್ರೊ ಕಿಟ್ ಅಂದರೆ ಸುಮಾರು ಒಂದು ಇಂಚು ಇಳಿತ, ಪ್ರೊಗ್ರೆಸಿವ್. ಸ್ಪೋರ್ಟ್‌ಲೈನ್ ಅದಕ್ಕಿಂತ ತಗ್ಗು. ಜಪಾನಿನ ಟೀನ್‌ನಲ್ಲಿ ಎಚ್.ಟೆಕ್ ಸೌಮ್ಯ, ಎಸ್.ಟೆಕ್ ಜಾಸ್ತಿ ತಗ್ಗು. ಎಚ್ ಆಂಡ್ ಆರ್, ಆರ್‌ಎಸ್-ಆರ್, ಸ್ವಿಫ್ಟ್ ಕೂಡ ಈ ಕಾರಿಗೆ ಮಾಡುತ್ತಾರೆ. ಸುಬಾರುವಿನ ಎಸ್‌ಟಿಐ, ಟೊಯೋಟಾದ ಟಿಆರ್‌ಡಿ ವಿಭಾಗದವರ ಸ್ಪ್ರಿಂಗ್‌ಗಳ ಇಳಿತ ಕಮ್ಮಿ, ಕಂಪನಿಯ ಶಾಕ್ ಜೊತೆ ಚೆನ್ನಾಗಿ ಹೊಂದುತ್ತವೆ. ನೋಟಕ್ಕಿಂತ ಓಟ ಮುಖ್ಯ ಅನ್ನುವವರಿಗೆ ನಾನು ಮೊದಲು ಹೇಳೋದು ಇವನ್ನೇ. ಹಂತ 3ರಲ್ಲಿ ಅಳೆದ ಬಿಡುವು ಸಾಕಷ್ಟಿದ್ದರೆ ದಿನದ ಕಾರಿಗೆ ಪ್ರೊ ಕಿಟ್ ಮಟ್ಟದ ಸ್ಪ್ರಿಂಗನ್ನೂ ಹೇಳಬಹುದು.

ಮಾದರಿ ವರ್ಷ ಸರಿಯಾಗಿ ನೋಡಿ. ಮೊದಲ ತಲೆಮಾರಿನದಕ್ಕೂ ಎರಡನೆಯದಕ್ಕೂ ಅಂತ ಬೇರೆ ಬೇರೆ ಪಾರ್ಟ್ ನಂಬರ್ ಇರುತ್ತದೆ, ಹಾಗೂ ಹೀಗೂ ಕೂರುತ್ತೆ ಅಂತ ಹೇಳಿದ್ದನ್ನು ನಂಬಿ ಕೊಳ್ಳಬೇಡಿ.

ಹೆಸರಿಲ್ಲದ ಅಗ್ಗದ ಸ್ಪ್ರಿಂಗ್ ಬೇಡ ಅನ್ನೋದಕ್ಕೆ ಒಂದು ಕಾರಣ ಕೊಡುತ್ತೇನೆ. ಸ್ಪ್ರಿಂಗಿನ ಗಡಸು ಕಂಬಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 12 ಮಿ.ಮೀ. ಕಂಬಿ 12.5 ಆದರೆ, ಅಂದರೆ ಬರೀ ಅರ್ಧ ಮಿಲಿಮೀಟರ್ ಹೆಚ್ಚಾದರೆ, ಗಡಸು ಸುಮಾರು ಶೇಕಡಾ 18 ಏರುತ್ತದೆ. ತಯಾರಿಕೆಯಲ್ಲಿ ಅಳತೆ ಹಿಡಿಯದವರ ಕೈಯಲ್ಲಿ ಎಡ ಒಂದು ಥರ, ಬಲ ಒಂದು ಥರ ಆಗುವುದು ಎಷ್ಟು ಸುಲಭ ಅಲ್ವಾ?

ಇನ್ನು ಕಂಪನಿಯ ಸ್ಪ್ರಿಂಗನ್ನೇ ಕತ್ತರಿಸುವ, ಗ್ಯಾಸ್ ಕಟರ್‌ನಲ್ಲಿ ಕಾಯಿಸಿ ಕುಗ್ಗಿಸುವ ಕೆಲಸ. ಕತ್ತರಿಸಿದ ತುದಿ ಕೂರುವ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲಾಗಿ ಪಕ್ಕಕ್ಕೆ ಸರಿಯಬಹುದು. ಕಾಯಿಸಿದರೆ ಉಕ್ಕಿನ ಹದವೇ ಹೋಗುತ್ತದೆ, ಆಮೇಲೆ ಅದು ತನ್ನಷ್ಟಕ್ಕೆ ಕುಸಿಯುತ್ತಲೋ ಮುರಿಯುತ್ತಲೋ ಇರುತ್ತದೆ. ದಯವಿಟ್ಟು ಮಾಡಬೇಡಿ, ಪಕ್ಕದಲ್ಲಿ ಕೂರುವವರ ಜೀವವೂ ಅದರ ಮೇಲೆಯೇ ನಿಂತಿರುತ್ತದೆ.

ಹಂತ 8: ಕಾನೂನು, ವಿಮೆ, ಮತ್ತು ಊರಿನ ರಸ್ತೆ

ಜರ್ಮನಿಯಲ್ಲಿರುವವರು ಕೊಳ್ಳುವ ಸ್ಪ್ರಿಂಗಿಗೆ ನಿಮ್ಮ ಕಾರಿನ ಮಾದರಿಗೆ ಹೊಂದುವ ಪರವಾನಗಿ ಪತ್ರ ಇದೆಯಾ ನೋಡಿ, ಇಲ್ಲದಿದ್ದರೆ ಟ್ಯೂಫ್ ಎಂಬ ವಾಹನ ತಪಾಸಣೆಯಲ್ಲಿ ನಿಲ್ಲುತ್ತದೆ. ಜಪಾನಿನಲ್ಲಿ ಕಾರಿನ ತಳಕ್ಕೂ ನೆಲಕ್ಕೂ ಕನಿಷ್ಠ 9 ಸೆಂ.ಮೀ. ಇರಬೇಕು. ಈ ಕಾರಿಗೆ ಮೊದಲೇ ಇರುವುದು ಸುಮಾರು 13 ಸೆಂ.ಮೀ. ಎಲ್ಲಿದ್ದರೂ ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ಜಿಆರ್86 ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ, ಆದರೆ ಬೆಂಗಳೂರಿನಲ್ಲಿ ಫೋಕ್ಸ್‌ವ್ಯಾಗನ್ನಿನ ವರ್ಟಸ್, ಹಳೇ ಪೋಲೋ ಇಳಿಸುವವರು ಸಾಕಷ್ಟು ಜನ ಇದ್ದಾರೆ, ಅವರಿಗೂ ಈ ಲೆಕ್ಕ ಹೊಂದುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಇರಬೇಕು. ವರ್ಟಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 2651 ಮಿ.ಮೀ. ಅಂತರ. ಎರಡೂ ಚಕ್ರ ಅಂಥ ಹಂಪ್ ಮೇಲಿದ್ದಾಗ ನಡುವೆ ಸುಮಾರು 52 ಮಿ.ಮೀ. ಮಾತ್ರ ಉಬ್ಬುತ್ತದೆ. 30 ಮಿ.ಮೀ. ಇಳಿಸಿದರೂ ಆರಾಮಾಗಿ ದಾಟಬೇಕು. ಆದರೆ ನಮ್ಮ ಬಡಾವಣೆಗಳ ಹಂಪ್ ನಿಮಗೇ ಗೊತ್ತು. ಎರಡಡಿ ಅಗಲಕ್ಕೆ ಅರ್ಧ ಅಡಿ ಎತ್ತರದ್ದು ಬಂದರೆ ಪೂರ್ತಿ ಎತ್ತರವೂ ಹೊಟ್ಟೆಗೇ ತಾಗುತ್ತದೆ. ಅದೂ ಐದು ಜನ ಕೂತು ಡಿಕ್ಕಿ ತುಂಬಿದಾಗ. ಊರಿನಲ್ಲಿ ಓಡಿಸುವ ಕಾರಿಗೆ 20 ಮಿ.ಮೀ.ಗಿಂತ ಜಾಸ್ತಿ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಂತೆ ನೋಂದಣಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂಥ ಮಾರ್ಪಾಡು ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ಹಣ ಕೊಡುವ ಮುಂಚೆ ಆರ್‌ಟಿಓದಲ್ಲಿ ವಿಚಾರಿಸಿ.

ಹಂತ 9: ಹಾಕುವಾಗ

ಅಭ್ಯಾಸ ಇಲ್ಲದವರು ಒಳ್ಳೆಯ ಮೆಕ್ಯಾನಿಕ್ ಕೈಗೆ ಕೊಡಿ. ಸ್ಟ್ರಟ್ ಮೇಲಿನ ನಟ್ಟು ಬಿಚ್ಚುವಾಗ ಸ್ಪ್ರಿಂಗ್ ಒಳಗೆ ನೂರಾರು ಕೆ.ಜಿ. ಬಲ ಅಡಗಿರುತ್ತದೆ, ಕಂಪ್ರೆಸರ್‌ನಿಂದ ಸರಿಯಾಗಿ ಹಿಡಿಯದೆ ಬಿಚ್ಚಿದರೆ ಹಾರಿ ಮುಖಕ್ಕೆ ಬಡಿಯುತ್ತದೆ. ನೀವೇ ಮಾಡಿದರೂ ಮೆಕ್ಯಾನಿಕ್ ಮಾಡಿದರೂ ಈ ನಾಲ್ಕು ವಿಷಯ ಕಣ್ಣಿಟ್ಟು ನೋಡಿ.

ಸ್ಪ್ರಿಂಗಿನ ಕೆಳತುದಿ ಶಾಕ್ ತಟ್ಟೆಯಲ್ಲಿರುವ ಮೆಟ್ಟಿಲಿಗೆ ಹೋಗಿ ಕೂರಬೇಕು. ಬೆರಳು ಹಾಕಿ ನೋಡಿ, ನಡುವೆ ಹೆಚ್ಚು ಜಾಗ ಇರಬಾರದು. ಸ್ಪ್ರಿಂಗ್ ಮೇಲೆ ಅಚ್ಚಾದ ಅಕ್ಷರ ಸಾಮಾನ್ಯವಾಗಿ ನೆಟ್ಟಗೆ ಓದುವಂತಿರಬೇಕು, ತಲೆಕೆಳಗಾಗಿ ಕಂಡರೆ ಸ್ಪ್ರಿಂಗ್ ಉಲ್ಟಾ ಆಗಿರಬಹುದು.

ಶಾಕ್ ರಾಡಿನ ಮೇಲಿನ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯಬಾರದು. ರಾಡ್ ಒಳಗೆ ಗಿರಗಿರ ತಿರುಗಿ ಸೀಲ್ ಹಾಳಾಗುತ್ತದೆ. ಕೈ ಸ್ಪ್ಯಾನರ್, ಆಮೇಲೆ ಟಾರ್ಕ್ ರೆಂಚ್. ಸಂಖ್ಯೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಅಂದಾಜು ಬೇಡ.

ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್ಟಿಗೆ ಕಟ್ಟಿರುವ ಕ್ಲಿಪ್ ವಾಪಸ್ ಹಾಕಲೇಬೇಕು, ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿ.

ಕೊನೆಯದು ತುಂಬಾ ಗ್ಯಾರೇಜುಗಳು ಬಿಟ್ಟುಬಿಡುವ ಕೆಲಸ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು, ಮುಖ್ಯವಾಗಿ ಹಿಂದಿನ ಶಾಕ್‌ನ ಕೆಳಗಿನ ಬೋಲ್ಟ್, ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದ ಮೇಲೆ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಕಾರೂ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಕಾರನ್ನು ನೆಲಕ್ಕೆ ಇಳಿಸಿ ಅಥವಾ ಜಾಕ್‌ನಿಂದ ಆರ್ಮನ್ನು ಅದರ ಸಹಜ ಎತ್ತರಕ್ಕೆ ಎತ್ತಿ, ಆಮೇಲೆ ಬಿಗಿಯಿರಿ.

ಹಂತ 10: ಅಲೈನ್ಮೆಂಟ್ ಮತ್ತು ಆಮೇಲೆ

ಸ್ಪ್ರಿಂಗ್ ಕೂರಲು ಕೆಲವು ನೂರು ಕಿ.ಮೀ. ಬೇಕು. ಹಾಕಿದ ಕೂಡಲೇ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿ ಮಾಡಿಸಿ, ಇಲ್ಲದಿದ್ದರೆ ಅಷ್ಟರಲ್ಲೇ ಟಯರ್ ಒಳ ಅಂಚು ತಿಂದುಹೋಗುತ್ತದೆ. ಕೂತ ಮೇಲೆ ಪೂರ್ತಿ ಅಲೈನ್ಮೆಂಟ್ ಮಾಡಿಸಿ. ಈ ಕಾರಿನಲ್ಲಿ ಕಂಪನಿಯಿಂದ ಮುಂದೆ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ, ಮೇಲ್ಭಾಗ ಒಳಕ್ಕೆ ವಾಲಿದ್ದರೆ ಮೈನಸ್) ಸುಮಾರು ಸೊನ್ನೆ, ಹಿಂದೆ ಒಂದು ಡಿಗ್ರಿ ಚಿಲ್ಲರೆ ಮೈನಸ್. ಇಳಿಸಿದರೆ ಹಿಂದಿನದು ಎರಡರ ಹತ್ತಿರ ಹೋಗುತ್ತದೆ, ಮುಂದಿನದು ಅಷ್ಟು ಬದಲಾಗುವುದಿಲ್ಲ. ಹೀಗೆ ಬಿಟ್ಟರೆ ಕಾರು ತಿರುವಿನಲ್ಲಿ ಮುಂದಕ್ಕೆ ಜಾರುವ ಸ್ವಭಾವ ಬೆಳೆಸಿಕೊಳ್ಳುತ್ತದೆ. ಮುಂದಿನ ಸ್ಟ್ರಟ್ಟಿಗೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು, ಒಂದೂಕಾಲು ಡಿಗ್ರಿ ಸಿಗುತ್ತದೆ, ಬೆಲೆಯೂ ಕಮ್ಮಿ. ಹಿಂದೆ ಕಂಪನಿಯಿಂದ ಟೋ ಮಾತ್ರ ಹೊಂದಿಸಬಹುದು, ಕ್ಯಾಂಬರ್ ಬೇಕಾದರೆ ಹೊಂದಿಸಬಹುದಾದ ಲೋವರ್ ಆರ್ಮ್ ಕೊಳ್ಳಬೇಕು. 25 ಮಿ.ಮೀ. ಒಳಗಿನ ಇಳಿತಕ್ಕೆ ಅದು ಬೇಕಾಗುವುದಿಲ್ಲ. ರಸ್ತೆಗೆ ಮುಂದೆ ಮೈನಸ್ 1.5, ಹಿಂದೆ ಮೈನಸ್ 1.5ರಿಂದ 2, ಮುಂದೆ ಟೋ ಸೊನ್ನೆ, ಹಿಂದೆ ಸ್ವಲ್ಪವೇ ಒಳಮುಖ. ಇಷ್ಟು ಹೇಳಿ, ಮುಗಿದ ಮೇಲೆ ಪ್ರಿಂಟ್ ಕೇಳಿ ಪಡೆಯಿರಿ.

ಮೊದಲು ಬರೆದಿಟ್ಟ ನಾಲ್ಕು ಅಳತೆಯ ಪಕ್ಕದಲ್ಲಿ ಹೊಸ ಅಳತೆ ಬರೆಯಿರಿ. ಬಿಚ್ಚಿ ಹಾಕಿದ ಎಲ್ಲ ಬೋಲ್ಟುಗಳ ಟಾರ್ಕ್ ಇನ್ನೊಮ್ಮೆ ನೋಡಿ. ರಾತ್ರಿ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟ್ ಎತ್ತರ ಸರಿ ಮಾಡಿ, ಹಿಂಭಾಗ ಮುಂಭಾಗಕ್ಕಿಂತ ಕಮ್ಮಿ ಇಳಿದಿದ್ದರೆ ಬೆಳಕು ನೆಲ ನೋಡುತ್ತದೆ, ಜಾಸ್ತಿ ಇಳಿದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕೇಬಲ್ ಟೈ ಮತ್ತೆ ಕಟ್ಟಿ ಅದೇ ರಸ್ತೆಯಲ್ಲಿ ಇನ್ನೊಂದು ಸುತ್ತು ಹೋಗಿ ಬನ್ನಿ. ತೆಗೆದ ಹಳೆಯ ಸ್ಪ್ರಿಂಗ್‌ಗಳ ಮೇಲೆ ಎಡ ಮುಂದೆ, ಬಲ ಹಿಂದೆ ಅಂತ ಬರೆದು, ಬಂಪ್ ಸ್ಟಾಪ್ ಜೊತೆ ಒಂದೇ ಡಬ್ಬದಲ್ಲಿ ಎತ್ತಿಡಿ. ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.